ಅಮ್ಮ ಬರೆದ ಅಂಕಪಟ್ಟಿ ಇಲ್ಲಿ ನಡೆಯುವುದಿಲ್ಲ

ಜಮಖಂಡಿಯ ತಾಯಿಯೊಬ್ಬರ ಪತ್ರ: ‘ಐದನೇ ತರಗತಿಯ ನಂತರ ಮಗಳನ್ನು ಶಾಲೆ ಬಿಡಿಸಿ ಮನೆಯಲ್ಲೇ ಓದಿಸುತ್ತಿದ್ದೇನೆ. ಈಗ ಅವಳಿಗೆ ಹದಿನಾಲ್ಕು. ಸೇನಾಧಿಕಾರಿಯಾಗುತ್ತೇನೆಂದು ಹಟ ಹಿಡಿದಿದ್ದಾಳೆ. ಅಮೆರಿಕದಲ್ಲಿ ಮನೆಯಲ್ಲಿ ಕಲಿತವರಿಗೂ ಸೇನಾ ಅಕಾಡೆಮಿಯಲ್ಲಿ ಪ್ರವೇಶ, ವಿದ್ಯಾರ್ಥಿವೇತನ ಇದೆಯಂತೆ. ನಮ್ಮಲ್ಲಿ ದಾರಿ ಇದೆಯೇ? ಅಥವಾ ಈಗಲಾದರೂ ವಿಜಯಪುರದ ಸೈನಿಕ ಶಾಲೆಯ ಕೋಚಿಂಗಿಗೆ ಹಚ್ಚಲೇ?’

ತಾಯಿ, ದಾರಿ ಇದೆ. ಕೋಚಿಂಗ್ ಬೇಡ.

ಅಮೆರಿಕದ ಮಾತು ನಿಜ. ವೆಸ್ಟ್ ಪಾಯಿಂಟ್ ಅಕಾಡೆಮಿ ಹೆತ್ತವರು ಸಿದ್ಧಪಡಿಸಿದ ಅಂಕಪಟ್ಟಿಯನ್ನೂ ಪರಿಗಣಿಸುತ್ತದೆ. ಕಾಲೇಜಿನಲ್ಲಿ ಓದುತ್ತಲೇ ಅಧಿಕಾರಿಯ ತರಬೇತಿ ಕೊಡುವ ಆರ್‌ಒಟಿಸಿ ಯೋಜನೆಯಲ್ಲಿ ಸೇನೆಯೇ ಕಾಲೇಜು ಶುಲ್ಕ ಕಟ್ಟಿ, ಬದಲಿಗೆ ಕೆಲವು ವರ್ಷಗಳ ಸೇವೆ ಬರೆಸಿಕೊಳ್ಳುತ್ತದೆ. ಆದರೆ ನಮ್ಮಲ್ಲಿ ಶಾಲಾ ಮಂಡಳಿಯ ಮುದ್ರೆಯಿಲ್ಲದ ಕಾಗದಕ್ಕೆ ಬೆಲೆಯಿಲ್ಲ. ಖಡಕ್‌ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೆ, ಅಂದರೆ ಎನ್‌ಡಿಎಗೆ, ಕೇಂದ್ರ ಲೋಕಸೇವಾ ಆಯೋಗ ವರ್ಷಕ್ಕೆ ಎರಡು ಬಾರಿ ಪರೀಕ್ಷೆ ನಡೆಸುತ್ತದೆ. ಅದಕ್ಕೆ ಹನ್ನೆರಡನೇ ತರಗತಿಯ ಪ್ರಮಾಣಪತ್ರ ಬೇಕು. ಎಲ್ಲಿ ಕುಳಿತು ಓದಿದಿರಿ ಎಂದು ಯಾರೂ ಕೇಳುವುದಿಲ್ಲ.

ಆ ಪ್ರಮಾಣಪತ್ರಕ್ಕೆ ಎನ್‌ಐಒಎಸ್, ಅಂದರೆ ಕೇಂದ್ರದ ಮುಕ್ತ ಶಾಲಾ ಮಂಡಳಿ ಇದೆ. ಹದಿನಾಲ್ಕು ತುಂಬಿದವರು ಅಲ್ಲಿ ಹತ್ತನೇ ತರಗತಿಗೆ ನೇರವಾಗಿ ನೋಂದಾಯಿಸಬಹುದು. ಹತ್ತಕ್ಕೂ ಹನ್ನೆರಡಕ್ಕೂ ನಡುವೆ ಎರಡು ವರ್ಷದ ಅಂತರ ಹಿಡಿದರೂ ಹದಿನೇಳು, ಹದಿನೆಂಟರ ಹೊತ್ತಿಗೆ ಮುಗಿಯುತ್ತದೆ. ಎನ್‌ಡಿಎ ವಯೋಮಿತಿ ಹದಿನಾರೂವರೆಯಿಂದ ಹತ್ತೊಂಬತ್ತೂವರೆ. ಭೂಸೇನೆಗೆ ಯಾವ ವಿಷಯವಾದರೂ ನಡೆಯುತ್ತದೆ, ನೌಕಾಪಡೆ ಮತ್ತು ವಾಯುಪಡೆಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಕಡ್ಡಾಯ. ಆ ಮೂರನ್ನೇ ತೆಗೆದುಕೊಳ್ಳಲಿ, ಯಾವ ಬಾಗಿಲೂ ಮುಚ್ಚುವುದಿಲ್ಲ. ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತದೆ. ಅದನ್ನು ಈಗಲೇ ಲೆಕ್ಕಕ್ಕೆ ಹಿಡಿಯಿರಿ.

ವಿಜಯಪುರದ ಸೈನಿಕ ಶಾಲೆ 1963ರಿಂದ ಇದೆ, ಈಗ ಹುಡುಗಿಯರಿಗೂ ಪ್ರವೇಶವಿದೆ. ಆದರೆ ಒಂಬತ್ತನೇ ತರಗತಿಗೆ ಸೇರಲು ಮಾನ್ಯತೆ ಪಡೆದ ಶಾಲೆಯಲ್ಲಿ ಎಂಟನೇ ತರಗತಿ ಮುಗಿಸಿರಬೇಕು. ನಿಮ್ಮ ಮಗಳಿಗೆ ಅದು ಆಗದ ಮಾತು, ಬೇಕಾಗಿಯೂ ಇಲ್ಲ. ‘ಸೈನಿಕ, ನವೋದಯ, ಕಿತ್ತೂರು’ ಎಂದು ಬರೆದ ಕೋಚಿಂಗ್ ಫಲಕಗಳು ನಮ್ಮ ಕಡೆ ಬೀದಿಗೊಂದು ನೇತಾಡುತ್ತವೆ. ಆ ಶಾಲೆಗಳಲ್ಲಿ ಓದದೆ ಅಧಿಕಾರಿಯಾಗಲು ಸಾಧ್ಯವಿಲ್ಲವೆಂಬ ಭ್ರಮೆ ಅವರ ವ್ಯಾಪಾರಕ್ಕೆ ಚೆನ್ನಾಗಿದೆ, ಅಷ್ಟೇ.

ಹಣದ ಚಿಂತೆ ಬಿಡಿ. ಎನ್‌ಡಿಎಯಲ್ಲಿ ವಸತಿ, ಊಟ, ಪುಸ್ತಕ, ಸಮವಸ್ತ್ರ, ಚಿಕಿತ್ಸೆ ಎಲ್ಲವೂ ಸರ್ಕಾರದ್ದು. ಕೈಖರ್ಚು ಮಾತ್ರ ಮನೆಯದು. ಮೂರು ವರ್ಷದ ಕೊನೆಗೆ ಜೆಎನ್‌ಯು ಪದವಿಯೂ ಸಿಗುತ್ತದೆ. ಮಹಿಳೆಯರ ಮೊದಲ ತಂಡದ ಹದಿನೇಳು ಮಂದಿ 2025ರ ಮೇ ತಿಂಗಳಲ್ಲಿ ಅಲ್ಲಿಂದ ಹೊರಬಂದರು.

ನನಗೆ ಚಿಂತೆ ಇರುವುದು ಬೇರೆ ಕಡೆ. ಲಿಖಿತ ಪರೀಕ್ಷೆಗೆ 900 ಅಂಕ, ಸೇನೆಯ ಆಯ್ಕೆ ಮಂಡಳಿಯ ಸಂದರ್ಶನಕ್ಕೂ 900. ಸಂದರ್ಶನವೆಂದರೆ ಮೇಜಿನೆದುರು ಕುಳಿತು ಉತ್ತರಿಸುವುದಷ್ಟೇ ಅಲ್ಲ, ಐದು ದಿನಗಳ ಒರೆಗೆ ಹಚ್ಚುವಿಕೆ. ಒಂದೊಂದು ಪದಕ್ಕೆ ಹದಿನೈದು ಸೆಕೆಂಡು, ಹೀಗೆ ಅರವತ್ತು ಪದಗಳಿಗೆ ಹೊಳೆದದ್ದನ್ನು ವಾಕ್ಯ ಮಾಡಿ ಬರೆಯಬೇಕು. ಆಮೇಲೆ ಮೈದಾನ. ಒಂದು ಹಲಗೆ, ಒಂದು ಮರದ ದಿಮ್ಮಿ, ಒಂದು ಹಗ್ಗ ಕೊಟ್ಟು, ಗುರುತು ಪರಿಚಯವಿಲ್ಲದ ಗುಂಪಿಗೆ ‘ನೆಲ ಮುಟ್ಟದೆ ದಾಟಿ’ ಎನ್ನುತ್ತಾರೆ. ನಾಯಕನನ್ನು ಯಾರೂ ನೇಮಿಸಿರುವುದಿಲ್ಲ. ಹಲಗೆ ಗಿಡ್ಡವಾಯಿತೆಂದು ಒಬ್ಬ ಕೂಗುತ್ತಾನೆ, ಇನ್ನೊಬ್ಬ ಹಗ್ಗ ಕಿತ್ತುಕೊಳ್ಳುತ್ತಾನೆ, ಮೂಲೆಯಲ್ಲಿದ್ದವಳ ಒಳ್ಳೆಯ ಉಪಾಯ ಯಾರಿಗೂ ಕೇಳಿಸುವುದಿಲ್ಲ. ಅಧಿಕಾರಿ ಬದಿಯಲ್ಲಿ ನಿಂತು ಸುಮ್ಮನೆ ಬರೆದುಕೊಳ್ಳುತ್ತಿರುತ್ತಾರೆ.

ನೀವು ಎಷ್ಟು ಚೆನ್ನಾಗಿ ಕಲಿಸಿದರೂ ಈ ಗದ್ದಲವನ್ನು ಮನೆಯಲ್ಲಿ ಕಲಿಸಲಾಗದು. ಎನ್‌ಸಿಸಿ ಸಾಮಾನ್ಯವಾಗಿ ಶಾಲೆ, ಕಾಲೇಜಿನವರಿಗೇ ಸಿಗುವುದು. ಆದ್ದರಿಂದ ಊರ ತಂಡದಲ್ಲಿ ಖೋ-ಖೋ ಆಡಲಿ, ಸೈಕಲ್ ತುಳಿಯಲಿ, ಜಾತ್ರೆಯ ಸ್ವಯಂಸೇವಕರ ಜೊತೆ ನಿಲ್ಲಲಿ, ಸೋತು ಜಗಳವಾಡಿ ಮತ್ತೆ ಒಂದಾಗಲಿ. ನಿಮ್ಮ ಪತ್ರದಲ್ಲಿ ಅವಳ ಗಣಿತದ ಬಗ್ಗೆ ಒಂದು ಪುಟವಿದೆ, ಗೆಳತಿಯರ ಬಗ್ಗೆ ಒಂದು ಸಾಲೂ ಇಲ್ಲ.

ಇನ್ನೊಂದು ಮಾತು. ಆಯೋಗ ಒಪ್ಪುವುದು ಹತ್ತನೇ ತರಗತಿಯ ಪ್ರಮಾಣಪತ್ರದಲ್ಲಿರುವ ಜನ್ಮದಿನಾಂಕವನ್ನು. ಎನ್‌ಐಒಎಸ್ ಅರ್ಜಿ ತುಂಬುವಾಗ ಜನನ ಪ್ರಮಾಣಪತ್ರವನ್ನೂ ಆಧಾರ್ ಅನ್ನೂ ಪಕ್ಕದಲ್ಲಿಟ್ಟುಕೊಳ್ಳಿ. ಹೆಸರು, ತಂದೆಯ ಹೆಸರು, ಅಡ್ಡಹೆಸರು ಮೂರೂ ಒಂದೇ ಕ್ರಮದಲ್ಲಿ, ಒಂದೇ ಕಾಗುಣಿತದಲ್ಲಿ ಇರಲಿ.