ಜಲ್ಲಿಯಿಲ್ಲದ ಹಳಿ, ಸುತ್ತು ದಾರಿಯ ರೈಲು

ಓದುಗರ ಪತ್ರ: ಮಗಳ ಮನೆಗೆ ಹೋಗಲು ವಿಮಾನ ಹತ್ತಬೇಕಿತ್ತು. ದುರ್ಗದಿಂದ ಬಸ್ಸು, ನಾಗಸಂದ್ರದಲ್ಲಿ ಮೆಟ್ರೊ, ಮೆಜೆಸ್ಟಿಕ್‌ನಿಂದ ಮತ್ತೆ ಬಸ್ಸು. ಮೂರು ಬ್ಯಾಗು ಹೊತ್ತು ಸಾಕಾಯಿತು. ಮೆಟ್ರೊ ಹಳಿ ಬಗ್ಗಿ ನೋಡಿದೆ. ಒಂದು ಹಿಡಿ ಜಲ್ಲಿ ಇಲ್ಲ, ಬರೀ ಕಾಂಕ್ರೀಟ್! ಅದು ಅಷ್ಟು ಗಟ್ಟಿಯಾದರೆ ನಮ್ಮ ದಾವಣಗೆರೆ–ತುಮಕೂರು ಹೊಸ ಮಾರ್ಗಕ್ಕೂ ಅದನ್ನೇ ಹಾಕಿ, ವಿಮಾನ ನಿಲ್ದಾಣದವರೆಗೆ ರೈಲು ಬಿಡಬಾರದೇ?
– ನಿವೃತ್ತ ಮೇಷ್ಟ್ರು, ಚಿತ್ರದುರ್ಗ

ಸಂಪಾದಕರ ಉತ್ತರ: ಮೇಷ್ಟ್ರೇ, ಮೂರು ಬ್ಯಾಗಿನ ನಡುವೆಯೂ ಹಳಿ ನೋಡಿದಿರಲ್ಲ, ಭೇಷ್. ಹಳದಿ ಗೆರೆ ಮಾತ್ರ ದಾಟಬೇಡಿ.

ಜಲ್ಲಿಯನ್ನು ಅಷ್ಟು ಹಗುರವಾಗಿ ನೋಡಬೇಡಿ. ನಮ್ಮ ರೈಲ್ವೆಯ ಕಾಂಕ್ರೀಟ್ ಸ್ಲೀಪರ್, ಅಂದರೆ ಹಳಿಯ ಕೆಳಗಿನ ಅಡ್ಡ ತೊಲೆ, ಒಂದೊಂದೂ ಕಾಲು ಟನ್‌ಗಿಂತ ಜಾಸ್ತಿ ತೂಗುತ್ತದೆ. ಮೇಲೆ ಮೀಟರಿಗೆ 60 ಕಿಲೊ ತೂಕದ ಹಳಿ. ಅದರ ಮೇಲೆ ರೈಲು. ಇಷ್ಟೂ ಭಾರವನ್ನು ನೆಲಕ್ಕೆ ಹರಡುವುದು ಜಲ್ಲಿ. ಮಳೆನೀರನ್ನು ಸೋಸಿ ಬಿಡುವುದೂ ಅದೇ. ಬಿಸಿಲಿಗೆ ಹಳಿ ಹಿಗ್ಗಿ ಸೊಟ್ಟಗಾಗದಂತೆ ಸ್ಲೀಪರನ್ನು ಅದುಮಿ ಹಿಡಿಯುವುದೂ ಅದೇ. ಅದಕ್ಕೇ ಮೂಲೆ ಚೂಪಾಗಿರುವ ಕಲ್ಲು ಬೇಕು. ಹೊಳೆಯ ನುಣ್ಣನೆ ಕಲ್ಲು ಜಾರುತ್ತದೆ.

ಇನ್ನು ನಮ್ಮ ಎರೆ ಹೊಲ ನಿಮಗೆ ಗೊತ್ತೇ ಇದೆ. ಮಳೆಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ. ಎಷ್ಟೇ ಒಳ್ಳೆ ಮಣ್ಣು ತಂದು ಏರಿ ಹಾಕಿದರೂ ಸ್ವಲ್ಪವಾದರೂ ಕುಸಿಯುತ್ತದೆ. ಜಲ್ಲಿ ಇದ್ದರೆ ಯಂತ್ರ ತಂದು ಹಳಿ ಎತ್ತಿ, ಕೆಳಗೆ ಜಲ್ಲಿ ತುರುಕಿ ಮಟ್ಟ ಮಾಡಬಹುದು. ಕಾಂಕ್ರೀಟ್ ಬಿರುಕು ಬಿಟ್ಟರೆ ಒಡೆದು ಮತ್ತೆ ಹಾಕಬೇಕು. ಮೆಟ್ರೊ ಕತೆ ಬೇರೆ. ಕಂಬದ ಮೇಲಿನ ಸೇತುವೆ ಕುಸಿಯುವ ಮಣ್ಣಲ್ಲ. ಅಲ್ಲಿ ಜಲ್ಲಿ ಸುರಿದರೆ ಸುಮ್ನೆ ಭಾರ. ರಾತ್ರಿ ಸಿಗುವ ಮೂರು ನಾಲ್ಕು ಗಂಟೆಯಲ್ಲಿ ಅದನ್ನು ಸರಿಮಾಡುತ್ತಾ ಕೂರಲೂ ಆಗದು. ಹಾಗಾಗಿ ಹಳಿಯನ್ನು ಕಾಂಕ್ರೀಟಿಗೇ ಕ್ಲಿಪ್ ಹಾಕಿ ಬಿಗಿಯುತ್ತಾರೆ. ಅದುರು ತಡೆಯಲು ನಡುವೆ ರಬ್ಬರ್ ಪ್ಯಾಡ್.

ಆ ಕ್ಲಿಪ್ಪಿನ ಮಾತು ಬಂತಲ್ಲ, ಒಂದು ವಿಷಯ ಹೇಳಲೇಬೇಕು. ದೆಹಲಿಯಲ್ಲಿ ವಿಮಾನ ನಿಲ್ದಾಣಕ್ಕೆಂದೇ 22.7 ಕಿ.ಮೀ. ಮೆಟ್ರೊ ಮಾರ್ಗವಿದೆ. 2011ರ ಫೆಬ್ರವರಿಯಲ್ಲಿ ಶುರುವಾಯಿತು. 2012ರ ಜುಲೈನಲ್ಲಿ ನಿಂತೇಹೋಯಿತು! ಹಳಿ ಮುರಿಯಲಿಲ್ಲ. ಹಳಿ ಹಿಡಿದಿಡುವ ಕ್ಲಿಪ್‌ಗಳಲ್ಲಿ, ಸೇತುವೆ ಕೂರುವ ಬೇರಿಂಗ್‌ಗಳಲ್ಲಿ ದೋಷ ಕಂಡುಬಂದಿತ್ತು. ಮತ್ತೆ ಓಡಿದ್ದು 2013ರ ಜನವರಿಯಲ್ಲಿ, ಅದೂ ಗಂಟೆಗೆ 50 ಕಿ.ಮೀ. ವೇಗದಲ್ಲಿ. ಅಂಗೈಯಲ್ಲಿ ಹಿಡಿಸುವ ಕಬ್ಬಿಣದ ತುಂಡಿಗೆ ಆ ಶಕ್ತಿ!

ಈಗ ನಿಮ್ಮ ರೈಲಿಗೆ ಬರೋಣ. ನಿಜ ಹೇಳಬೇಕೆಂದರೆ ಹಳಿ ಆಗಲೇ ಕೂಡಿಕೊಂಡಿದೆ. ದಾವಣಗೆರೆಯಿಂದ ಬೀರೂರು, ಅರಸೀಕೆರೆ, ತುಮಕೂರು ಸುತ್ತಿ ಯಶವಂತಪುರ. ಅಲ್ಲಿಂದ ಯಲಹಂಕ, ಮುಂದೆ ಚಿಕ್ಕಬಳ್ಳಾಪುರದ ದಾರಿ. ಆ ದಾರಿಯಲ್ಲೇ ವಿಮಾನ ನಿಲ್ದಾಣದ ಹೆಸರಿನ ಹಾಲ್ಟ್, ಅಂದರೆ ಪುಟ್ಟ ರೈಲು ನಿಲ್ದಾಣ, ಇದೆ. 2021ರ ಜನವರಿಯಲ್ಲಿ ಶುರುವಾದದ್ದು. ಎಲ್ಲವೂ ಒಂದೇ ಅಗಲದ ಹಳಿ, ಬ್ರಾಡ್‌ಗೇಜೇ. ಆದರೆ ಹಾಲ್ಟ್‌ನಲ್ಲಿ ಇಳಿದವರು ಟರ್ಮಿನಲ್‌ಗೆ ಮತ್ತೆ ಬಸ್ಸು ಹತ್ತಬೇಕು. ರೈಲುಗಳೂ ಕಡಿಮೆ. ಒಂದು ತಪ್ಪಿದರೆ ವಿಮಾನವೂ ತಪ್ಪಿದ ಹಾಗೆಯೇ ಅಲ್ವಾ? ನನ್ನ ಕೇಳಿದರೆ ಕೊರತೆ ಇರುವುದು ಹಳಿಯದ್ದಲ್ಲ, ವೇಳಾಪಟ್ಟಿಯದ್ದು.

ನಿಮ್ಮ ಹೊಸ ಮಾರ್ಗ ಮುಗಿದರೆ ಅರಸೀಕೆರೆಯ ಸುತ್ತು ತಪ್ಪುತ್ತದೆ, ದುರ್ಗಕ್ಕೂ ಬೆಂಗಳೂರಿಗೂ ನೇರ ದಾರಿಯ ರೈಲು ಸಿಗುತ್ತದೆ. ಅದು ದೊಡ್ಡ ಲಾಭವೇ. ವಿಮಾನ ನಿಲ್ದಾಣಕ್ಕೆ ರೈಲು ಕೇಳಿ ಅರ್ಜಿ ಬರೆಯುವುದಾದರೆ ಕಾಂಕ್ರೀಟು ಕೇಳಬೇಡಿ, ಹೊತ್ತು ಕೇಳಿ: ಬೆಳಿಗ್ಗೆ ಇಷ್ಟು, ಸಂಜೆ ಇಷ್ಟು ರೈಲು, ಹಾಲ್ಟ್‌ನಲ್ಲಿ ಕಾಯುತ್ತಿರುವ ಬಸ್ಸು.

ಅಲ್ಲಿಯವರೆಗೆ ನೀವು ಹಿಡಿದ ದಾರಿಯೇ ಸರಿ: ನಾಗಸಂದ್ರ, ಮೆಜೆಸ್ಟಿಕ್, ಅಲ್ಲಿಂದ ವಿಮಾನ ನಿಲ್ದಾಣದ ವಾಯುವಜ್ರ ಬಸ್ಸು. ಬೆಳಗಿನ ಜಾವದ ವಿಮಾನವಿದ್ದರೆ ಮಾತ್ರ ಮೆಟ್ರೊ ನಂಬಬೇಡಿ. ಅದಿನ್ನೂ ಎದ್ದಿರುವುದಿಲ್ಲ.