ಸಿಹಿ ಕಡಿಮೆ ಮಾಡಿದರೂ ಪಾಯಸ, ಒಬ್ಬಟ್ಟು ಸಪ್ಪೆಯಾಗದಿರಲು ಏನು ಮಾಡಬೇಕು?

ಮಾವನವರಿಗೆ ಶುಗರ್ ಶುರುವಾಗುವ ಹಂತದಲ್ಲಿದೆ, ಹಬ್ಬದ ಸಿಹಿ ಬಿಡಲು ಮನೆಯಲ್ಲಿ ಯಾರೂ ಒಪ್ಪುತ್ತಿಲ್ಲ, ಸಕ್ಕರೆ ಬದಲು ಬೆಲ್ಲ ಹಾಕಿದರೆ ಸಾಕಾ ಅಂತ ಕೇಳಿದ್ದೀರಿ. ಸಾಲದು. ನಾನು ಮಂಡ್ಯದವಳು, ಆಲೆಮನೆಯ ಬಿಸಿಬೆಲ್ಲ ತಿಂದು ಬೆಳೆದವಳು. ಆದರೂ ಹೇಳಲೇಬೇಕು: 100 ಗ್ರಾಂ ಸಕ್ಕರೆಯಲ್ಲಿ ಸುಮಾರು 390 ಕ್ಯಾಲೊರಿ ಇದ್ದರೆ ಬೆಲ್ಲದಲ್ಲಿ 380ರ ಆಸುಪಾಸು. ಎರಡೂ ಕಬ್ಬಿನ ಹಾಲಿನವೇ, ಎರಡೂ ಶುಗರ್ ಏರಿಸುತ್ತವೆ. ಜೇನುತುಪ್ಪವೂ ಅಷ್ಟೇ.

ಬೆಲ್ಲದಿಂದ ಆಗುವ ಉಪಕಾರ ಬೇರೆ. ಅದಕ್ಕೊಂದು ಘಮ ಇದೆ, ಹಾಗಾಗಿ ಅಳತೆ ಇಳಿಸಿದರೂ ನಾಲಿಗೆಗೆ ಕೊರತೆ ಕಾಣುವುದಿಲ್ಲ. ಕಂದು ಬಣ್ಣದ ಬೆಲ್ಲವನ್ನೇ ತನ್ನಿ. ಹಳದಿಯಾಗಿ ಹೊಳೆಯಲಿ ಅಂತ ಕೆಲವರು ಹೈಡ್ರೋಸ್ ಅನ್ನುವ ಬಣ್ಣ ತಿಳಿಮಾಡುವ ರಾಸಾಯನಿಕ ಹಾಕುತ್ತಾರೆ.

ಹೆಸರುಬೇಳೆ ಪಾಯಸದಿಂದ ಶುರುಮಾಡಿ, ಅದರಲ್ಲಿ ಸಿಹಿ ಇಳಿಸುವುದು ಬಹಳ ಸುಲಭ. ಬೇಳೆಯನ್ನು ಸಣ್ಣ ಉರಿಯಲ್ಲಿ ಮನೆಯೆಲ್ಲಾ ಘಮ್ಮೆನ್ನುವವರೆಗೆ ಹುರಿಯಿರಿ. ಅರ್ಧ ರುಚಿ ಅಲ್ಲೇ ಬಂದುಬಿಡುತ್ತದೆ. ತೆಂಗಿನಕಾಯಿಯ ಎರಡನೇ ಹಾಲಿನಲ್ಲಿ ಬೇಯಿಸಿ, ಗಟ್ಟಿಯಾದ ಮೊದಲ ಹಾಲನ್ನು ಒಲೆ ಆರಿಸಿದ ಮೇಲೆ ಸ್ವಲ್ಪ ಸೇರಿಸಿ. ನೀವು ಹಾಕುವ ಬೆಲ್ಲದಲ್ಲಿ ಮೂರನೇ ಒಂದು ಭಾಗ ತೆಗೆದುಬಿಡಿ. ಚಿಟಿಕೆ ಉಪ್ಪು ಮರೆಯಬೇಡಿ, ಅದು ಇರುವ ಸಿಹಿಯನ್ನು ಎತ್ತಿಕೊಡುತ್ತದೆ. ಏಲಕ್ಕಿಯನ್ನು ಆಗಲೇ ಕುಟ್ಟಿ ಹಾಕಿ, ಜೊತೆಗೆ ಒಂಚೂರು ಒಣಶುಂಠಿ. ಬಿಸಿಯಾಗಿರುವಾಗಲೇ ಬಡಿಸಿ. ತಣ್ಣಗಾದ ಪದಾರ್ಥದಲ್ಲಿ ಸಿಹಿ ಮಂಕಾಗುತ್ತದೆ, ಐಸ್‌ಕ್ರೀಮಿಗೆ ಅಷ್ಟೊಂದು ಸಕ್ಕರೆ ಬೇಕಾಗುವುದೂ ಅದಕ್ಕೇ.

ಒಬ್ಬಟ್ಟಿನಲ್ಲಿ ಒಂದು ಲೋಟ ಬೇಳೆಗೆ ಒಂದು ಲೋಟ ಬೆಲ್ಲ ಅನ್ನುವ ಲೆಕ್ಕವನ್ನು ಮುಕ್ಕಾಲಿಗೆ ಇಳಿಸಿ ನೋಡಿ. ಹೂರಣ ಜಿನುಗುವುದಿಲ್ಲ, ತಟ್ಟಲೂ ಸಲೀಸು. ಕಣಕಕ್ಕೆ ಅರ್ಧ ಗೋಧಿಹಿಟ್ಟು ಸೇರಿಸಬಹುದು, ಆದರೆ ಹೆಚ್ಚು ಹೊತ್ತು ನೆನೆಯಲು ಬಿಡಿ. ತುಪ್ಪವನ್ನು ಬೇಯಿಸುವಾಗ ಸುರಿಯುವ ಬದಲು, ಎಲೆಗೆ ಬಡಿಸಿದ ಮೇಲೆ ಒಂದು ಚಮಚ ಹಾಕಿ. ಘಮ ಮೂಗಿಗೆ ಮೊದಲು ಹೋಗಬೇಕು.

ಕೇಸರಿಭಾತಿಗೆ ಚೆನ್ನಾಗಿ ಕಳಿತ ಬಾಳೆಹಣ್ಣು ಹಾಕಿದರೆ ಸಕ್ಕರೆ ಎಷ್ಟೋ ಉಳಿಯುತ್ತದೆ. ನಂಜನಗೂಡು ರಸಬಾಳೆ ಸಿಕ್ಕರಂತೂ ಏಲಕ್ಕಿಯೂ ಬೇಡ. ಹಣ್ಣಿನಲ್ಲೂ ಸಕ್ಕರೆ ಇದೆ ಅನ್ನುವುದು ನೆನಪಿರಲಿ.

ಸ್ಟೀವಿಯಾ, ಅಂದರೆ ಒಂದು ಗಿಡದ ಸಿಹಿ ಎಲೆಯಿಂದ ತೆಗೆದ ಸಕ್ಕರೆಯಲ್ಲದ ಸಿಹಿ, ಪಾಯಸಕ್ಕೆ ಆಗುತ್ತದೆ. ಒಬ್ಬಟ್ಟಿಗೆ ಆಗದು, ಹೂರಣ ಕೂಡಿಕೊಳ್ಳಲು ಬೆಲ್ಲದ ಪಾಕವೇ ಬೇಕು.

ಮಾವನವರಿಗೆ ಮಾತ್ರ ಇನ್ನೊಂದು ಮಾಡಿ. ಬೆಳಗ್ಗೆ ಖಾಲಿ ಹೊಟ್ಟೆಗೆ ಸಿಹಿ ಕೊಡಬೇಡಿ. ಊಟದಲ್ಲಿ ಕೋಸಂಬರಿ, ಪಲ್ಯ ಮೊದಲು ತಿನ್ನಲಿ, ಒಬ್ಬಟ್ಟು ಕೊನೆಗೆ ಬರಲಿ, ಆ ಹೊತ್ತು ಅನ್ನ ಕಡಿಮೆಯಾಗಲಿ. ತರಕಾರಿ, ಬೇಳೆ ಮೊದಲು ಹೊಟ್ಟೆಗೆ ಬಿದ್ದರೆ ಶುಗರ್ ಏರುವ ವೇಗ ತಗ್ಗುತ್ತದೆ. ಎಷ್ಟು ತಿನ್ನಬಹುದು ಅನ್ನುವುದನ್ನು ಅವರ ಡಾಕ್ಟರನ್ನೇ ಕೇಳಿ.

ಮೈಸೂರು ಪಾಕನ್ನು ಮಾತ್ರ ತಿದ್ದಲು ಹೋಗಬೇಡಿ. ಕುದಿಯುವ ಪಾಕಕ್ಕೆ ಕಾದ ತುಪ್ಪ ಬಿದ್ದು ಕಡಲೆಹಿಟ್ಟು ನೊರೆಯುಕ್ಕಿದರೇ ಆ ಗೂಡುಗೂಡು ಬರುವುದು. ತುಪ್ಪ, ಸಕ್ಕರೆ ಎರಡನ್ನೂ ಕಡಿದರೆ ಉಳಿಯುವುದು ಕಡಲೆಹಿಟ್ಟಿನ ಮುದ್ದೆ. ಕಾಲು ಕೆಜಿ ತಂದು, ಬೆರಳಗಲದ ತುಂಡು ಮಾಡಿ ಎಲ್ಲರಿಗೂ ಒಂದೊಂದು ಕೊಡಿ, ಉಳಿದದ್ದನ್ನು ಅವತ್ತೇ ಅಕ್ಕಪಕ್ಕದ ಮನೆಗೆ ಕಳಿಸಿಬಿಡಿ.