ಟು-ಡೂ ಲಿಸ್ಟ್‌ನ ಕೆಲಸಗಳನ್ನೆಲ್ಲ ಕ್ಯಾಲೆಂಡರ್‌ಗೆ ಹಾಕಬೇಕಾ?

ಲಿಸ್ಟ್‌ನ ಪ್ರತಿ ಕೆಲಸಕ್ಕೂ ಗೂಗಲ್ ಕ್ಯಾಲೆಂಡರ್‌ನಲ್ಲಿ ಟೈಮ್ ಹಾಕಿಡುತ್ತೀರಿ, ಸೋಮವಾರ ಚೆನ್ನಾಗಿ ನಡೆಯುತ್ತೆ, ಬುಧವಾರದ ಹೊತ್ತಿಗೆ ಎಲ್ಲಾ ಕಲಸುಮೇಲೋಗರ. ಬೇರೆ ಆ್ಯಪ್ ತಗೋಬೇಕಾ, ಇಲ್ಲ ಈ ಪದ್ಧತಿಯನ್ನೇ ಬಿಡಬೇಕಾ ಅಂತ ಕೇಳಿದ್ದೀರಿ. ಎರಡೂ ಬೇಡ. ಎಲ್ಲವನ್ನೂ ಹಾಕೋದನ್ನ ಬಿಡಿ, ಸಾಕು.

ಕ್ಯಾಲೆಂಡರ್‌ನಲ್ಲಿ ಹೊಸದಾಗಿ ಏನಾದರೂ ಸೇರಿಸಲು ಹೋದರೆ 'ಈವೆಂಟ್' ಮತ್ತು 'ಟಾಸ್ಕ್' ಅಂತ ಎರಡು ಕಾಣಿಸುತ್ತವೆ. ನೋಡೋಕೆ ಒಂದೇ ಥರ, ಸ್ವಭಾವ ಮಾತ್ರ ಬೇರೆ. ಈವೆಂಟ್‌ನ ಟೈಮ್ ಮುಗಿದರೆ ಮುಗೀತು. ಆ ಕೆಲಸ ನೀವು ಮಾಡಿದಿರೋ ಬಿಟ್ಟಿರೋ ಅದಕ್ಕೆ ಗೊತ್ತಾಗಲ್ಲ, ನಿನ್ನೆಯ ತಾರೀಖಿನಲ್ಲೇ ಉಳಿದುಬಿಡುತ್ತದೆ. ಟಾಸ್ಕ್ ಹಾಗಲ್ಲ. ಟಿಕ್ ಹಾಕುವವರೆಗೂ ಅದು ಬಾಕಿಯೇ, ತಾರೀಖು ಕಳೆದೂ ಬಾಕಿ ಇರುವುದನ್ನು ಗೂಗಲ್ ಇವತ್ತಿನ ದಿನದ ಮೇಲ್ಗಡೆ ಒಟ್ಟಿಗೆ ತೋರಿಸುತ್ತದೆ. ಇದು ಗೂಗಲ್ ಹೊಸದಾಗಿ ಕಂಡುಹಿಡಿದಿದ್ದೇನೂ ಅಲ್ಲ. ಬೇರೆ ಬೇರೆ ಕ್ಯಾಲೆಂಡರ್‌ಗಳು ಮಾಹಿತಿ ಹಂಚಿಕೊಳ್ಳಲು ಬಳಸುವ ಐಕ್ಯಾಲೆಂಡರ್ ಎಂಬ ಮಾನದಂಡ 1998ರಲ್ಲಿ ಬಂದಾಗಲೇ ಇವೆರಡನ್ನೂ ಬೇರೆ ಮಾಡಿತ್ತು. ಅದರಲ್ಲಿ ಟು-ಡೂಗೆ ಗಡುವು ಇದೆ, ಮುಗಿಯಿತು ಅಂತ ಗುರುತು ಹಾಕುವ ಜಾಗ ಇದೆ. ಈವೆಂಟ್‌ಗೆ ಇವೆರಡೂ ಇಲ್ಲ.

ನಿಮ್ಮ ಬುಧವಾರದ ಗೋಳು ಶುರುವಾಗೋದು ಇಲ್ಲೇ ಅನ್ನಿಸುತ್ತದೆ. ಕರೆಂಟ್ ಬಿಲ್ ಕಟ್ಟುವುದು, ಗಾಡಿಯ ಎಮಿಷನ್ ಟೆಸ್ಟ್, ಚಿಕ್ಕಪ್ಪನಿಗೆ ಫೋನು, ಇಂಥದ್ದಕ್ಕೆಲ್ಲ 11:00ರಿಂದ 11:15 ಅಂತ ಈವೆಂಟ್ ಮಾಡಿದರೆ ಒಂದು ತಪ್ಪಿದ ಕೂಡಲೇ ಉಳಿದದ್ದನ್ನೂ ಸರಿಸುತ್ತಾ ಕೂರಬೇಕು. ಅವನ್ನು ಟಾಸ್ಕ್ ಮಾಡಿ. ತಾರೀಖು ಹಾಕಿ, ಗಂಟೆ ಹಾಕಬೇಡಿ. ಸಮಯ ಸಿಕ್ಕಾಗ ಮಾಡಿ ಟಿಕ್ ಹೊಡೆದರಾಯಿತು.

ಅಡ್ಡಿಯಿಲ್ಲದೆ ಕೂತು ಮಾಡಬೇಕಾದ ಕೆಲಸಕ್ಕೆ ಮಾತ್ರ ನಾನು ಈವೆಂಟ್ ಹಾಕಿ ಹೊತ್ತು ಕಾಯ್ದಿರಿಸುತ್ತೇನೆ. ಆದಾಯ ತೆರಿಗೆ ರಿಟರ್ನ್ ತಗೊಳ್ಳಿ. ಸಂಬಳದವರಿಗೆ ಗಡುವು ಸಾಮಾನ್ಯವಾಗಿ ಜುಲೈ 31. ಬಹಳ ಜನ ಕ್ಯಾಲೆಂಡರ್‌ನಲ್ಲಿ ಅದೊಂದನ್ನೇ ಗುರುತು ಹಾಕುತ್ತಾರೆ. ಅದು ಗಡುವಿನ ದಿನ ಅಷ್ಟೇ, ಕೆಲಸದ ದಿನ ಅಲ್ಲ. ನಾನು 31ನ್ನು ಟಾಸ್ಕ್‌ನ ಗಡುವಾಗಿ ಇಡುತ್ತೇನೆ. ಕಂಪನಿಯವರು ಜೂನ್ ಮಧ್ಯದ ಹೊತ್ತಿಗೆ ಫಾರ್ಮ್ 16 (ವರ್ಷದ ಸಂಬಳ, ಕಡಿತವಾದ ತೆರಿಗೆಯ ಪ್ರಮಾಣಪತ್ರ) ಕೊಡುತ್ತಾರಲ್ವಾ, ಹಾಗಾಗಿ ಜುಲೈ ಮೊದಲ ಶನಿವಾರ ಬೆಳಿಗ್ಗೆ ಎರಡು ಗಂಟೆ ಅವಧಿಯ ಈವೆಂಟ್. ಹೆಸರು 'ಟ್ಯಾಕ್ಸ್' ಅಂತಲ್ಲ, 'ಫಾರ್ಮ್ 16, ಬ್ಯಾಂಕ್ ಬಡ್ಡಿ ತಾಳೆ ನೋಡು' ಅಂತ. ಬರೀ 'ಟ್ಯಾಕ್ಸ್' ಅಂತ ಕಂಡರೆ ಎದ್ದು ಹೋಗಿ ಕಾಫಿ ಮಾಡೋಣ ಅನ್ನಿಸುತ್ತೆ. ಆ ಶನಿವಾರ ನೆಂಟರು ಬಂದರೂ ತೊಂದರೆಯಿಲ್ಲ. ಈವೆಂಟ್ ಕಳೆದುಹೋದರೂ ಟಾಸ್ಕ್ ಟಿಕ್ ಆಗದೆ ಬಾಕಿಯೇ ಇರುತ್ತದೆ, ಅವತ್ತೇ ಸಂಜೆ ಈವೆಂಟನ್ನು ಎಳೆದು ಭಾನುವಾರಕ್ಕೆ ಬಿಡುತ್ತೇನೆ. ಒಂದೇ ಕೆಲಸ ಎರಡು ಕಡೆ ಇರುವುದು ದಂಡ ಅಂತ ಕೆಲವರು ಹೇಳುತ್ತಾರೆ. ನನಗೆ ಹಾಗನ್ನಿಸಿಲ್ಲ.

ಇನ್ನು ಎಷ್ಟು ಹೊತ್ತು ಹಾಕಬೇಕು? ನಿಮ್ಮ ಅಂದಾಜಿಗಿಂತ ಜಾಸ್ತಿ. 1994ರಲ್ಲಿ ಪ್ರಕಟವಾದ ಮನಶ್ಶಾಸ್ತ್ರಜ್ಞ ರೋಜರ್ ಬ್ಯೂಲರ್ ಮತ್ತು ಜೊತೆಗಾರರ ಅಧ್ಯಯನದಲ್ಲಿ ಕಾಲೇಜು ವಿದ್ಯಾರ್ಥಿಗಳನ್ನು ಪದವಿಯ ಪ್ರಬಂಧ (ಥೀಸಿಸ್) ಮುಗಿಸೋಕೆ ಎಷ್ಟು ದಿನ ಬೇಕು ಅಂತ ಕೇಳಿದ್ದರು. ಸರಾಸರಿ ಉತ್ತರ ಸುಮಾರು 34 ದಿನ. ನಿಜಕ್ಕೂ ಹಿಡಿದದ್ದು 55 ದಿನಕ್ಕೂ ಹೆಚ್ಚು. ಅದಕ್ಕೇ ನಾನು ಒಂದು ಗಂಟೆ ಅನ್ನಿಸಿದ್ದಕ್ಕೆ ಒಂದೂವರೆ ಗಂಟೆ ಹಾಕುತ್ತೇನೆ. ದಿನಕ್ಕೆ ಇಂಥ ಎರಡು ಈವೆಂಟ್ ಇದ್ದರೆ ಹೆಚ್ಚು, ನಡುವೆ ಖಾಲಿ ಜಾಗ ಇರಲೇಬೇಕು. ಬೆಂಗಳೂರಲ್ಲಿದ್ದು ಆಫೀಸಿಗೆ ಓಡಾಡುವವರಾದರೆ ದಾರಿಯ ಸಮಯಕ್ಕೂ ಈವೆಂಟ್ ಹಾಕಿ, ತಮಾಷೆಯಲ್ಲ.

ಆಫೀಸ್ ಕ್ಯಾಲೆಂಡರ್‌ನಲ್ಲಿ ಹಾಕುವಾಗ ಎರಡು ಸೆಟ್ಟಿಂಗ್ ನೋಡಿಕೊಳ್ಳಿ. 'ಬ್ಯುಸಿ' ಅಂತ ಇಟ್ಟರೆ ಆ ಹೊತ್ತು ನಿಮಗೆ ಬಿಡುವಿಲ್ಲ ಅಂತ ಸಹೋದ್ಯೋಗಿಗಳಿಗೆ ಕಾಣುತ್ತದೆ. 'ಪ್ರೈವೇಟ್' ಮಾಡಿದರೆ ಹೆಸರು ಕಾಣಲ್ಲ. ಸ್ವಂತ ಕೆಲಸಕ್ಕೆ ಎರಡೂ ಬೇಕು. ಹಾಗಂತ ಇಡೀ ದಿನ ಬ್ಯುಸಿ ಅಂತ ತುಂಬಿಸಿದರೆ ಯಾರೂ ನಂಬಲ್ಲ, ಅದರ ಮೇಲೇ ಮೀಟಿಂಗ್ ಇಡುತ್ತಾರೆ.

ಆ್ಯಪ್ ವಿಷಯ: ಆಫೀಸಲ್ಲಿ ಔಟ್‌ಲುಕ್ ಇದ್ದರೆ ಅದರ ವೆಬ್ ಆವೃತ್ತಿಯಲ್ಲಿ 'ಮೈ ಡೇ' ಅಂತ ಪಕ್ಕದ ಪಟ್ಟಿ ಇದೆ, ಅಲ್ಲಿಂದ ಟಾಸ್ಕನ್ನು ಎಳೆದು ಕ್ಯಾಲೆಂಡರ್ ಮೇಲೆ ಬಿಡಬಹುದು. ಐಫೋನ್ ಇದ್ದವರಿಗೆ 2024ರ ಐಒಎಸ್ 18ರಿಂದ ರಿಮೈಂಡರ್‌ಗಳು ಕ್ಯಾಲೆಂಡರ್‌ನಲ್ಲೇ ಕಾಣುತ್ತವೆ. ನಿಮ್ಮದು ಹೇಗೂ ಗೂಗಲ್, ಟಾಸ್ಕ್ ಅದರಲ್ಲೇ ಇದೆ. ದುಡ್ಡು ಕೊಟ್ಟು ಇನ್ನೊಂದು ತಗೊಳ್ಳುವ ಅಗತ್ಯ ನನಗಂತೂ ಕಾಣುತ್ತಿಲ್ಲ.